ಹಸಿದ ಕೌದಿ

ನನಗೆ ಆಗ ಐವತ್ತೆಂಟು. ಹದಿಮೂರು ವರ್ಷದ ಹಿಂದಿನ ಮಾತು. ಆಧಾರ್ ಕಾರ್ಡಿನಲ್ಲಿ ಬೇರೆ ವಯಸ್ಸಿದೆ, ಅದನ್ನು ನಂಬಬೇಡಿ. ಅದನ್ನು ಬರೆದವನು ನನ್ನ ಮುಖ ನೋಡಿ ಅಂದಾಜಿನ ಮೇಲೆ ಬರೆದ.

ಹೋದ ವಾರ ಪುಣೆಯ ವಾಕಡದ ಒಂದು ದೊಡ್ಡ ಬಿಲ್ಡಿಂಗಿನ ಹದಿನಾಲ್ಕನೇ ಮಾಳಿಗೆಯಲ್ಲಿ ಕೂತು ಹಳೆ ಸೀರೆಗಳ ಗಂಟು ಬಿಚ್ಚಿದೆ. ಕೌದಿ ಹೊಲಿಯುವುದು ನನ್ನ ಕೆಲಸ. ಈ ಊರಿನವರು ಅದಕ್ಕೆ ಗೋಧಡಿ ಎನ್ನುತ್ತಾರೆ. ಆ ಮನೆಯವರು ತೀರಿಹೋದ ಅತ್ತೆಯ ಸೀರೆಗಳನ್ನು ಕೊಟ್ಟಿದ್ದರು. ಮೂರನೇ ಸೀರೆ ಬಿಡಿಸಿ ಕೊಡವಿದೆ ನೋಡಿ, ನಶ್ಯದ ವಾಸನೆ ಬಂತು. ಸೆರಗಿನ ತುದಿಯಲ್ಲಿ ಕಂದು ಕಲೆ... ಎರಡು ಸಲ ಸೀನಿದೆ. ಆ ಮನೆಯ ಸೊಸೆ ಓಡಿ ಬಂದು ಧೂಳಿನ ಅಲರ್ಜಿಯೇ ಎಂದು ಮರಾಠಿಯಲ್ಲಿ ಕೇಳಿದಳು. ಧೂಳಿನಲ್ಲೇ ಹುಟ್ಟಿ ಬೆಳೆದವಳಿಗೆ ಎಂಥ ಅಲರ್ಜಿ. ಸುಮ್ಮನೆ ತಲೆ ಅಲ್ಲಾಡಿಸಿದೆ. ಹಲ್ಲಿಗೆ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕುವ ಹೆಂಗಸರು ಪುಣೆಯಲ್ಲಿ ಬೇಕಾದಷ್ಟಿದ್ದಾರೆ. ಚಿಟಿಕೆ ಹಿಡಿದು ಮೂಗಿಗೆ ನಶ್ಯ ಏರಿಸುವ ಹೆಂಗಸನ್ನು ನಾನು ಕಂಡದ್ದು ಒಬ್ಬಳನ್ನೇ.

ಅವರನ್ನು ನಾನು ಅಕ್ಕಾರು ಎಂದು ಕರೆಯುತ್ತಿದ್ದೆ. ಹೆಸರು ಗೊತ್ತಿಲ್ಲವೆಂದಲ್ಲ. ಐದು ಪುಸ್ತಕದ ಮೇಲೆ ಅವರ ಹೆಸರು ಅಚ್ಚಾಗಿದೆ. ಆರನೆಯದರ ಮೇಲೂ ಅಚ್ಚಾಗಿದೆ. ಆ ಆರನೆಯದರ ಸಲುವಾಗಿಯೇ ನಾನು ಇಲ್ಲಿ ಹೆಸರು ಬರೆಯುವುದಿಲ್ಲ.

ಅವರು ಧಾರವಾಡದ ಕಡೆಯವರು. ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿ ನಿವೃತ್ತಿಯಾಗಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೋಥರೂಡದ ಒಂದು ಹಳೆ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಅವತ್ತು ನಾನು “ಗೋಧಡೀ ಶಿವಾಯಚೀ ಕಾ, ಗೋಧಡೀ” ಎಂದು, ಕೌದಿ ಹೊಲಿಸುವುದಿದೆಯೇ ಎಂದು ಕೂಗುತ್ತ ಅವರ ಗಲ್ಲಿಯಲ್ಲಿ ಹೋಗುತ್ತಿದ್ದೆ. ಒಬ್ಬ ಸ್ಕೂಟರಿನವ ಬಂದು ನನ್ನ ತಲೆಯ ಮೇಲಿನ ಗಂಟಿಗೆ ಹಾಯ್ದ. ಗಂಟು ಗಟಾರಕ್ಕೆ ಬಿತ್ತು. ಕೂಗುವುದು ಮರಾಠಿಯಾದರೂ ಬೈಗುಳ ತಾಯಿಭಾಷೆಯಲ್ಲೇ ಬರುತ್ತವೆ. ಅವನ ಮೂರು ತಲೆಮಾರನ್ನು ಸಾಲಾಗಿ ನಿಲ್ಲಿಸಿ ಬೈದೆ. ಮೇಲಿನ ಕಿಟಕಿ ತೆರೆಯಿತು.

“ಏ ಅವ್ವಾ, ಮ್ಯಾಲೆ ಬಾ. ಇಷ್ಟು ಛಂದ ಬೈಗಳಾ ಕೇಳಿ ಭಾಳ ದಿನಾ ಆಗಿತ್ತು.”

ಹೀಗೆ ಪರಿಚಯ.

ಅವರ ತಾಯಿಯ ಹನ್ನೊಂದು ಸೀರೆಗಳಿದ್ದವು, ಎಲ್ಲ ಇಳಕಲ್ಲಿನವು, ತೊಳೆದು ತೊಳೆದು ಮೆತ್ತಗಾದವು. ಕೌದಿಗೆ ಅಂಥವೇ ಬೇಕು. ಗ್ಯಾಲರಿಯಲ್ಲಿ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಅಂಚಿನಿಂದ ಹೊಲಿಗೆ ಹಿಡಿದೆ. ಎಂಟು ದಿನದ ಕೆಲಸ. ಮೊದಲನೇ ದಿನ ಅಕ್ಕಾರು ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡಿದರು. ಎರಡನೇ ದಿನ ಒಂದು ನೋಟ್‌ಬುಕ್ಕು ತಂದು ತೊಡೆಯ ಮೇಲೆ ಇಟ್ಟುಕೊಂಡರು.

“ಕಥಿ ಓದ್ಲೇನು? ಕೇಳ್ತೀ?”

“ಓದ್ರಿ. ಕೈ ಅಷ್ಟಽ ಕೆಲಸದಾಗ ಅದಾವು, ಕಿವಿ ಖಾಲಿ ಅದಾವು.”

ಅವರು ಬರೆಯುತ್ತಿದ್ದದ್ದು ಮಂತ್ರದ ಕಥೆ. ಒಂದೇ ಕಥೆ ಐದು ಪುಸ್ತಕಗಳಾಗಿ ಧಾರವಾಡದಲ್ಲಿ ಅಚ್ಚಾಗಿತ್ತು. ಆರನೆಯದು ಕೊನೆಯದು, ಅದನ್ನು ಬರೆಯುತ್ತಿದ್ದರು. ಇಲ್ಲದ ಒಂದು ಸೀಮೆ, ಆ ಸೀಮೆಯಲ್ಲಿ ಇಲ್ಲದ ಪ್ರಾಣಿಗಳು, ಜೀವ ಬಂದ ಸಾಮಾನುಗಳು. ರಾಜಕುಮಾರ ಇಲ್ಲ. ನಲವತ್ತು ದಾಟಿದ ಒಬ್ಬ ಹೆಂಗಸು, ಹೆಗಲಿಗೊಂದು ಚೀಲ ಹಾಕಿಕೊಂಡು ಊರೂರು ತಿರುಗುತ್ತಾಳೆ. ಮಂತ್ರ ಕೆಟ್ಟುಹೋದ ಸಾಮಾನುಗಳನ್ನು ರಿಪೇರಿ ಮಾಡುವುದು ಅವಳ ಕಸುಬು. ಎದುರಿಗಿರುವುದನ್ನು ಬಿಟ್ಟು ಹಿಂದೆ ಬಿಟ್ಟುಬಂದದ್ದನ್ನು ತೋರಿಸುವ ಕಂದೀಲು, ಮನಸ್ಸಿಲ್ಲದೆ ಹಾಕಿದರೆ ಹತ್ತದ ಬೀಗ, ಎಷ್ಟು ಬಗ್ಗಿಸಿದರೂ ಅರ್ಧ ತುಂಬಿಯೇ ಇರುವ ಚಂಬು... ಇಂಥವು ಎಷ್ಟೋ ಇದ್ದವು. ಅವಳ ಜೊತೆಗೆ ಒಂದು ಗೊಣಗುವ ಎಮ್ಮೆ. ಅದು ಮೆಲುಕು ಹಾಕುವಾಗ ಮಾತ್ರ ಖರೆ ಮಾತಾಡುತ್ತದೆ.

ನಾನು ಸುಮ್ಮನೆ ಕೇಳುವ ಪೈಕಿ ಅಲ್ಲ. ಎಮ್ಮೆಯ ಮಾತು ಬಂದ ಕೂಡಲೇ ತಡೆದೆ.

“ಎಮ್ಮಿ ಮೆಲುಕು ಹಾಕುವಾಗ ಬಾಯಿ ತುಂಬಿರ್ತದ್ರಿ. ಮಾತು ಹೆಂಗಾಡ್ತದ?”

“ಮಂತ್ರದ ಎಮ್ಮಿ ಅದು.”

“ಮಂತ್ರದ ಎಮ್ಮಿಗೂ ಬಾಯಿ ಒಂದಽ ಅಲ್ರಿ?”

ಅಕ್ಕಾರು ನಶ್ಯ ಏರಿಸಿ, ಪೆನ್ನು ತೆಗೆದು ಅಲ್ಲೇ ಏನೋ ತಿದ್ದಿದರು. ಆಮೇಲಿಂದ ಆ ಎಮ್ಮೆ ಮಾತಾಡುವಾಗೆಲ್ಲ ಹುಲ್ಲು ಉದುರಿಸುತ್ತದೆ. ಇನ್ನೊಂದು ಬೂದಿಬೆಕ್ಕು ಇತ್ತು. ಅದು ಒಲೆಯಲ್ಲಿ ಮಲಗುತ್ತದೆ, ಆ ಮನೆಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಎದ್ದು ಹೋಗುತ್ತದೆ, ಬೆಂಕಿ ಆರುತ್ತದೆ. “ಹಂಗಾದ್ರ ನಮ್ಮ ಪರ್ವತಿ ವಸ್ತಿಯೊಳಗ ಒಬ್ಬರ ಮನ್ಯಾಗೂ ರೊಟ್ಟಿ ಆಗಂಗಿಲ್ಲ ಬಿಡ್ರಿ” ಎಂದೆ. ಅಕ್ಕಾರು ನಕ್ಕ ರಭಸಕ್ಕೆ ನಶ್ಯದ ಡಬ್ಬಿ ನನ್ನ ಹೊಲಿಗೆಯ ಮೇಲೆ ಚೆಲ್ಲಿತು. ಆ ಕೌದಿಯೊಳಗೆ ಈಗಲೂ ಒಂದು ಡಬ್ಬಿ ನಶ್ಯ ಇರಬೇಕು.

ಇವೆಲ್ಲ ಸುಳ್ಳು ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಒಮ್ಮೆ ಮುಖಕ್ಕೇ ಹೇಳಿದೆ, “ಸುಳ್ಳು ಬರೀತೀರಿ, ಬರೀರಿ. ಆದ್ರ ಸುಳ್ಳಿಗೂ ಹೊಲಿಗಿ ಗಟ್ಟಿ ಇರಬೇಕ್ರಿ.” ಆ ಮಾತನ್ನು ಅವರು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟುಕೊಂಡರು. ನನಗೆ ನಾಚಿಕೆ ಆಯಿತು. ಆದರೂ ಚಲೋ ಅನಿಸಿತು.

ಏಳನೇ ದಿನ ಕೌದಿಯ ಮಾತು ಬಂತು. ನನ್ನ ಕೈಯಲ್ಲಿದ್ದದ್ದಲ್ಲ, ಕಥೆಯದು. ಆರನೇ ಪುಸ್ತಕ ಇಡೀ ಒಂದು ಮಂತ್ರದ ಕೌದಿಯ ಸುತ್ತ ಇದೆ. ಸತ್ತುಹೋದ ಒಂಬತ್ತು ಅಜ್ಜಿಯರ ಸೀರೆಗಳಿಂದ ಅದನ್ನು ಹೊಲಿದಿರುತ್ತಾರೆ. ಹೊದ್ದು ಮಲಗಿದರೆ ಅಜ್ಜಿಯರು ಕನಸಿನಲ್ಲಿ ಬಂದು ಬುದ್ಧಿ ಹೇಳುತ್ತಾರೆ. ಒಂದು ದಿನ ಆ ಕೌದಿ ಕೆಡುತ್ತದೆ. ಹೊದ್ದವರನ್ನು ನುಂಗತೊಡಗುತ್ತದೆ. ನುಂಗಿದವರು ಸಾಯುವುದಿಲ್ಲ, ಕೌದಿಯಲ್ಲಿ ಒಂದು ತ್ಯಾಪೆಯಾಗಿ ಕೂಡುತ್ತಾರೆ. ಕೌದಿ ಬೆಳೆಯುತ್ತ ಬೆಳೆಯುತ್ತ ಇಡೀ ಊರಿನ ಮೇಲೆ ಆಕಾಶದ ಹಾಗೆ ಹರಡುತ್ತದೆ. ಯಾಕೆ ಕೆಟ್ಟಿತು? ಯಾರೋ ಮಾಂತ್ರಿಕ ಶಾಪ ಕೊಟ್ಟ ಎಂದು ಅಕ್ಕಾರು ಬರೆದಿದ್ದರು.

ನಾನು ಸೂಜಿ ನಿಲ್ಲಿಸಿದೆ.

“ಶಾಪ ಅಲ್ರಿ ಅಕ್ಕಾರ. ಅದರ ಹೊಟ್ಟಿ ತುಂಬಿಸಿಲ್ಲ.”

“ಹೊಟ್ಟಿ? ಕೌದಿಗೆ ಹೊಟ್ಟಿ ಎಲ್ಲಿರ್ತದ?”

“ನಿಮಗ ಎಲ್ಲದ? ನಟ್ಟ ನಡುವ. ಅದಕ್ಕೂ ಅಲ್ಲೇ.”

ನಮ್ಮ ಮನೆತನದಲ್ಲಿ ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತು ಹಾಕುತ್ತ ಒಳಗೆ ಬರುತ್ತೇವೆ. ಕೊನೆಗೆ ನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಅಲ್ಲಿ ಒಂದು ಚೂರು ರೊಟ್ಟಿ, ಚಿಟಿಕೆ ಬೆಲ್ಲ ಇಟ್ಟು, ಮೇಲೊಂದು ತ್ಯಾಪೆ ಮುಚ್ಚಿ ಹೊಲಿಯಬೇಕು. ನಮ್ಮವ್ವ ಹಾಗೆ ಮಾಡುತ್ತಿದ್ದಳು, ಅವಳ ಅವ್ವನೂ ಹಾಗೆಯೇ. ಖಾಲಿ ಹೊಟ್ಟೆಯ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದರು. ಗೋಧಡಿ ಹೊಲಿಸುವವರಿಗೆ ಇದು ಗೊತ್ತಿರುವುದಿಲ್ಲ, ನಾವು ಹೇಳುವುದೂ ಇಲ್ಲ. ಅವರು ಚಹಾ ಮಾಡಲು ಒಳಗೆ ಹೋದಾಗ ಇಟ್ಟು ಮುಚ್ಚಿಬಿಡುತ್ತೇವೆ. ಹೇಳಿದರೆ ಇರುವೆ ಬರುತ್ತವೆ ಎಂದು ತಕರಾರು ತೆಗೆಯುತ್ತಾರೆ.

ಅಕ್ಕಾರು ನೋಟ್‌ಬುಕ್ಕು ಮುಚ್ಚಿ, “ಐದು ಪುಸ್ತಕ ಬರದೆ. ನನಗ ಯಾರೂ ಇದು ಹೇಳಲಿಲ್ಲ ನೋಡು” ಎಂದರು.

“ನೀವು ಯಾವತ್ತರ ಕೌದಿ ಹೊಲದೀರೇನು? ಹೊದ್ದೀರಿ ಅಷ್ಟಽ.”

“ಹೌದು... ಈಗ ಹಸದು ಹುಚ್ಚು ಹಿಡದಂಥಾ ಕೌದಿ ಅದ. ಅದನ್ನ ಸರಿ ಹೆಂಗ ಮಾಡೋದು?”

“ಮಾಡೋದೇನು. ನಡುವ ಬಿಚ್ಚೋದು. ಉಣಸೋದು. ಮತ್ತ ಹೊಲಿಯೋದು.”

ಅಕ್ಕಾರು ಶಾಪವನ್ನು ಹೊಡೆದು ಹಾಕಿದರು. ಎಪ್ಪತ್ತು ಪುಟ ಹರಿದು ಹೊಸದಾಗಿ ಬರೆಯಲು ಕೂತರು. ಮರುದಿನ ಅವರ ತಾಯಿಯ ಕೌದಿಯ ಹೊಟ್ಟೆಗೆ ಅವರ ಕೈಯಿಂದಲೇ ರೊಟ್ಟಿಚೂರು ಇಡಿಸಿದೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಹೋಗುವುದು ನಿಲ್ಲಲಿಲ್ಲ. ಕೋಥರೂಡದ ಕಡೆ ಬಂದಾಗೆಲ್ಲ ಎರಡನೇ ಮಾಳಿಗೆ ಹತ್ತುತ್ತಿದ್ದೆ. ಶೇಂಗಾ ಚಟ್ನಿ ಒಯ್ಯುತ್ತಿದ್ದೆ, ಕಥೆ ಕೇಳಿ ಬರುತ್ತಿದ್ದೆ. ಅವರು ನನ್ನನ್ನು ಕೌದೆವ್ವ ಎಂದು ಕರೆಯತೊಡಗಿದ್ದರು.

ಮಳೆಗಾಲದ ಹೊತ್ತಿಗೆ ಅವರ ಕಾಲು ಬಾತವು, ಆಮೇಲೆ ಕೈ ಬಾತವು. ಕಿಡ್ನಿ ಹೋಗಿದೆ ಎಂದರು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದರು. ಪೆನ್ನು ಹಿಡಿಯಲು ಆಗಲಿಲ್ಲ. ಕೊನೆಯ ಅಧ್ಯಾಯ ಬಾಕಿ ಇತ್ತು.

“ಕೌದೆವ್ವಾ, ನಿನಗ ಅಕ್ಷರಾ ಬರ್ತಾವಲ್ಲ?”

“ಮೂರನೇ ಇಯತ್ತೆ ತನಕ ಹೋಗಿದ್ದೆ. ಅಂಗಡಿ ಬೋರ್ಡು ಓದ್ತೀನಿ. ಅದೂ ನಮ್ಮೂರಿನವು.”

“ಸಾಕು. ನಾ ಹೇಳ್ತೀನಿ, ನೀ ಬರಿ.”

ನಾನು ಸೂಜಿ ಹಿಡಿದ ಕೈಯವಳು. ನನ್ನ ಅಕ್ಷರ ಕೌದಿಯ ಹೊಲಿಗೆಯಂತೆ ದಪ್ಪ, ಉದ್ದ, ಸೊಟ್ಟ. ಒಂದು ಸಾಲಿಗೆ ನಾಲ್ಕು ಶಬ್ದ. ಅಕ್ಕಾರು ಒಂದು ವಾಕ್ಯ ಹೇಳಿ ಕಣ್ಣು ಮುಚ್ಚಿ ಕೂಡುವರು. ನಾನು ಬರೆದು ಮುಗಿಸಿ “ಹೂಂ” ಎಂದರೆ ಕಣ್ಣು ತೆರೆಯುವರು. ಕೆಲವು ಸಲ ಅಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದರು. ಒಂದು ಪುಟಕ್ಕೆ ಒಂದು ಮುಂಜಾನೆ ಹೋಗುತ್ತಿತ್ತು. ಅವರು ಕಲಿಸುತ್ತಲೂ ಇದ್ದರು, ಬೈಯುತ್ತಲೂ ಇದ್ದರು. ಈಗ ನಾನು ಇಷ್ಟು ಬರೆಯುತ್ತಿದ್ದೇನೆ ಎಂದರೆ ಅದು ಆ ಮುಂಜಾನೆಗಳಲ್ಲಿ ಬಂದದ್ದು.

ಅರ್ಧ ಆಗಿತ್ತು. ಆಗ ಧಾರವಾಡದಿಂದ ಪ್ರಕಾಶಕರು ನೋಡಲು ಬಂದರು. ಒಳ್ಳೆ ಮನುಷ್ಯ, ಪೇಢೆ ತಂದಿದ್ದ. ಬರೆದದ್ದಷ್ಟನ್ನೂ ತಿರುವಿ ನೋಡಿದ. ನಾನು ಗ್ಯಾಲರಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

“ಅಕ್ಕಾವರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈಗಿನ ಹುಡುಗರು ಕೌದಿ ಗಿವದಿ ಓದಂಗಿಲ್ಲರಿ. ಐದು ಪುಸ್ತಕ ಕಾದಾರ, ಕೊನೀಗೆ ರೊಟ್ಟಿ ಚೂರು ಕೊಟ್ರ ಹೆಂಗ್ರಿ? ಒಂದು ಖಡ್ಗ ಹಾಕ್ರಿ. ಮಂತ್ರದ ಖಡ್ಗ. ಒಂದು ಏಟಿಗೆ ಕೌದಿ ಎರಡು ತುಂಡು. ದೀಪಾವಳಿಯೊಳಗ ಪುಸ್ತಕ ನಿಮ್ಮ ಕೈಯಾಗ ಇಡ್ತೀನಿ.”

“ಖಡ್ಗ ನಿಮ್ಮ ಮನ್ಯಾಗ ಅದ ಏನ್ರಿ?”

“ಇಲ್ರಿ...”

“ಕೌದಿ?”

ಅವನು ಮತ್ತೆ ಪುಟ ತಿರುವತೊಡಗಿದ. ಇದೆ ಎಂದು ಹೇಳಲು ಅವನಿಗೆ ನಾಚಿಕೆ ಇತ್ತೋ ಏನೋ.

“ಹಿಂಗಽ ಅಚ್ಚು ಹಾಕಿದ್ರ ಹಾಕ್ರಿ. ಇಲ್ಲಂದ್ರ ಪೇಢೆ ಭಾಳ ಛಲೋ ಅದಾವು, ತಂದದ್ದಕ್ಕ ಉಪಕಾರ ಆತು” ಎಂದರು ಅಕ್ಕಾರು.

ವಿಚಾರ ಮಾಡಿ ತಿಳಿಸಿ ಎಂದು ಹೇಳಿ ಅವನು ಹೋದ. ಆಗ ನಾನು ಒಳಗೆ ಬಂದು ಒಂದು ಮಾತು ಆಡಿದೆ. ಆಡಬಾರದಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ನನಗೆ ಕಂಡದ್ದು ಆಡಿದೆ.

“ಖಡ್ಗ ಹಾಕಿ ಬಿಡ್ರಿ ಅಕ್ಕಾರ. ನಿಮಗ ದಿನಾ ಎಷ್ಟು ಉಳದಾವು? ಪುಸ್ತಕ ಕಣ್ಣಿಲೆ ನೋಡ್ರಿ.”

“ಕೌದಿಯೊಳಗ ಮಂದಿ ಅದಾರ. ಕತ್ತರಿಸಿದ್ರ ಅವರು?”

“ಅದು ಕಥಿ ರೀ.”

“ನಿನಗ ಕಥಿ. ಮೂರು ತಿಂಗಳಾತು, ಅವರನ್ನ ಒಳಗ ಇಟಗೊಂಡು ಕೂತೇನಿ. ಬಿಡಸಬೇಕಂತ ಕೂತೇನಿ.” ಅವರ ದನಿ ಏರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. “ಎಲ್ಲಾ ಕಥಿಯೊಳಗ ಪ್ರಾಣಿ ಅಂದ್ರ ಕೊಲ್ಲೂದು, ಕಡಿಯೂದು. ಇದೊಂದಾದ್ರೂ ಉಂಡು ಹೊಟ್ಟಿ ತುಂಬಿ ಮಲಗಲಿ. ಹಸದದ ಅಂತ ಹೇಳಿದಾಕಿ ನೀನಽ. ಈಗ ಕಡಿ ಅಂತೀ. ಇವತ್ತ ನೀ ಮನಿಗೆ ಹೋಗು.”

ಹೋದೆ. ಎಂಟು ದಿನ ಆ ಕಡೆ ಕಾಲಿಡಲಿಲ್ಲ. ನನಗೂ ಸೊಕ್ಕು ಕಡಿಮೆ ಇಲ್ಲ. ಎಂಟು ದಿನ ಬೇರೆ ಮನೆಯಲ್ಲಿ ಹೊಲಿದೆ. ಹೊಲಿಯುವಾಗ ತ್ಯಾಪೆ ತ್ಯಾಪೆಗೂ ಯಾರದೋ ಮುಖ ಕಾಣತೊಡಗಿತು. ಕತ್ತರಿ ಹಾಕಬೇಕಾದಲ್ಲಿ ಕೈ ತಡೆಯಿತು. ನನಗೆ ಸಿಟ್ಟು ಬಂತು, ಈ ಹೆಂಗಸು ನನ್ನ ಕಸುಬನ್ನೇ ಕೆಡಿಸಿದಳಲ್ಲ ಎಂದು. ಒಂಬತ್ತನೇ ದಿನ ಎರಡನೇ ಮಾಳಿಗೆ ಹತ್ತಿದೆ. ಬಾಗಿಲು ತೆರೆದೇ ಇತ್ತು.

“ಎಂಟು ದಿನಾ ಎಲ್ಲಿ ಸತ್ತಿದ್ದಿ?”

“ನೀವಽ ಹೋಗು ಅಂದ್ರಿ.”

“ಇವತ್ತ ಹೋಗು ಅಂದಿದ್ದೆ. ಎಂಟು ದಿನಾ ಅಂದಿದ್ನೇನು? ಪೆನ್ನು ತಗಿ.”

ತೆಗೆದೆ. ಅವತ್ತಿನಿಂದ ದಿನಾಲೂ ಹೋದೆ. ಕೊನೆಯ ಅಧ್ಯಾಯ ನನ್ನ ಅಕ್ಷರದಲ್ಲಿ ಇಪ್ಪತ್ತಮೂರು ಪುಟ ಆಯಿತು. ರಿಪೇರಿಯ ಹೆಂಗಸು ಆ ದೊಡ್ಡ ಕೌದಿಯ ಕೆಳಗೆ ನಡೆದು ನಡೆದು ಊರ ನಡುವಿಗೆ ಬರುತ್ತಾಳೆ. ಎಮ್ಮೆಯ ಬೆನ್ನು ಹತ್ತಿ ನಿಂತು ಮೇಲೆ ಕೈ ಚಾಚಿ ಹೊಲಿಗೆ ಬಿಚ್ಚುತ್ತಾಳೆ. ಕೌದಿ ಅವಳ ತೋಳು ನುಂಗುತ್ತದೆ, ಅವಳು ಹೆದರುವುದಿಲ್ಲ, ಹಸಿದ ದನ ಕೈ ನೆಕ್ಕುವುದನ್ನು ನೋಡಿದವಳು. ತನ್ನ ಬುತ್ತಿಯಲ್ಲಿ ಉಳಿದಿದ್ದ ಒಂದೇ ರೊಟ್ಟಿಯನ್ನು ಒಳಗೆ ಇಟ್ಟು ಹೊಲಿಯುತ್ತಾಳೆ. ಕೌದಿ ತೇಗುತ್ತದೆ. ಮೆಲ್ಲಗೆ ಕೆಳಗಿಳಿದು ನೆಲದ ಮೇಲೆ ಹಾಸಿಕೊಳ್ಳುತ್ತದೆ. ಒಂದೊಂದೇ ತ್ಯಾಪೆ ಸಡಿಲವಾಗಿ ಮಂದಿ ಆಕಳಿಸುತ್ತ ಏಳುತ್ತಾರೆ. ಯಾರೂ ಅವಳಿಗೆ ಉಪಕಾರ ಹೇಳುವುದಿಲ್ಲ, ಯಾಕೆಂದರೆ ನಿದ್ದೆ ಹೋಗಿದ್ದೆವೆಂದು ತಿಳಿದಿರುತ್ತಾರೆ. “ಆ ದಿನ ಅವಳು ಉಪವಾಸ ನಡೆದಳು.” ಇದು ಕೊನೆಯ ವಾಕ್ಯ. ಇದೊಂದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

ನೋಟ್‌ಬುಕ್ಕುಗಳನ್ನು ಅಕ್ಕಾರು ನನ್ನ ಗಂಟಿನಲ್ಲಿ ಇಡಿಸಿದರು. “ಖಡ್ಗಾ ಹಿಡಕೊಂಡು ಯಾರರೆ ಬಂದ್ರ ಕೊಡಬ್ಯಾಡ” ಎಂದರು. ನಾನ್ಯಾಕೆ ಕೊಡಲಿ ಎಂದೆ.

ದಸರೆಯಾದ ಮೂರನೇ ದಿನವೋ ನಾಲ್ಕನೇ ದಿನವೋ... ಬೆಳಿಗ್ಗೆ ಹೋದಾಗ ಕೆಳಗೆ ವಾಚ್‌ಮನ್ ನನ್ನನ್ನು ತಡೆದ. “ಆಜೀ ಗೇಲ್ಯಾ” ಎಂದ, ಅಜ್ಜಿ ಹೋದರು ಎಂದು. ಆಸ್ಪತ್ರೆಗೆ ಹೋದವರು ರಕ್ತ ತೊಳೆಯುವ ಯಂತ್ರದ ಮೇಲೇ ಹೋಗಿಬಿಟ್ಟರಂತೆ. ನನ್ನ ಕೈಯಲ್ಲಿ ಎರಡು ಬಿಸಿ ರೊಟ್ಟಿ ಇದ್ದವು. ಅವನ್ನು ವಾಚ್‌ಮನ್‌ಗೆ ಕೊಟ್ಟು ವೈಕುಂಠ ಸ್ಮಶಾನಕ್ಕೆ ನಡೆದು ಹೋದೆ. ಅಳಲಿಲ್ಲ. ಅಳುವವರು ಬೇರೆ ಇದ್ದರು, ಅವರನ್ನೆಲ್ಲ ನಾನು ಅಲ್ಲೇ ಮೊದಲ ಸಲ ನೋಡಿದ್ದು.

ಹದಿನೈದು ದಿನ ಬಿಟ್ಟು ಅಕ್ಕಾರ ತಮ್ಮನ ಮಗ ನನ್ನನ್ನು ಹುಡುಕಿಕೊಂಡು ಪರ್ವತಿಗೆ ಬಂದ. ಚಾಕಣದ ಕಾರಿನ ಕಾರಖಾನೆಯಲ್ಲಿ ಇಂಜಿನಿಯರ್. ಅತ್ತೆ ಆಸ್ಪತ್ರೆಗೆ ಹೋಗಿಬರಲು ಗಾಡಿ ಕಳಿಸುತ್ತಿದ್ದವನು ಅವನೇ. ಪುಣೆಯಲ್ಲೇ ಹುಟ್ಟಿ ಬೆಳೆದವನು, ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದು ನೆಲದ ಮೇಲೆ ಕೂತ.

“ಅಜ್ಜಿ, ಅತ್ತಿ ನೋಟ್‌ಬುಕ್ಕು ನಿಮ್ಮ ಹಂತ್ಯಾಕ ಅದಾವಂತ. ಧಾರವಾಡದವರು ಪುಸ್ತಕ ಹಾಕ್ತೀವಿ ಅಂತ ಒಪ್ಪಿದಾರ.”

“ಖಡ್ಗ ಹಾಕಂಗಿಲ್ಲಲ್ಲ?”

“ಎಂಥಾ ಖಡ್ಗ?”

ಅವನ ಮುಖ ನೋಡಿದೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅತ್ತೆ ಏನು ಬರೆದಿದ್ದಾಳೆಂದು ಒಂದು ಸಾಲೂ ಓದಿದವನಲ್ಲ. ಇದ್ದದ್ದು ಇದ್ದಂತೆ ಹಾಕಬೇಕೆಂದು ಅವರಿಗೆ ಹೇಳು ಎಂದೆ. ಹೇಳುತ್ತೇನೆ ಎಂದ. ಅತ್ತೆಯ ಕಾಗದ ಅಳಿಯನಿಗೆ ಸೇರಬೇಕು, ಕೌದಿಯವಳ ಗಂಟಿನಲ್ಲಿ ಅದಕ್ಕೇನು ಕೆಲಸ ಎಂದು ನನಗೆ ಅನಿಸಿತು. ಗಂಟು ಬಿಚ್ಚಿ ಕೊಟ್ಟೆ. ಯಾರೂ ಕಸಿದುಕೊಳ್ಳಲಿಲ್ಲ, ಕೈಮುಟ್ಟಿ ನಾನೇ ಕೊಟ್ಟೆ. ಇದನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದರೆ ಅದು ಬೂದಿಬೆಕ್ಕು ಎದ್ದು ಹೋಗುವ ಮಾತಾದೀತು.

ಮರುವರ್ಷ ಗಣಪತಿ ಹಬ್ಬದ ಮುಂದೆ ಪುಸ್ತಕ ಬಂತು. ಅವನೇ ತಂದುಕೊಟ್ಟ, ಸಂತೋಷದಿಂದ ತಂದುಕೊಟ್ಟ. ರಟ್ಟಿನ ಮೇಲೆ ಮಿಂಚುವ ಒಂದು ಖಡ್ಗ. ಅದನ್ನು ನೋಡಿದ ಕೂಡಲೇ ನನಗೆ ತಿಳಿಯಿತು. ಅವನಿಗೆ ಏನೂ ಹೇಳಲಿಲ್ಲ, ಅವನು ಹೋಗುವವರೆಗೆ ಕಾದೆ. ಆಮೇಲೆ ಹೊಸ್ತಿಲಲ್ಲಿ ಕೂತು ಕೊನೆಯ ಅಧ್ಯಾಯ ತೆಗೆದೆ. ನನ್ನ ಓದು ನಿಧಾನ. ಬಿಸಿಲು ಹೊಸ್ತಿಲು ಬಿಟ್ಟು ಎದುರಿನ ಗೋಡೆ ಹತ್ತುವವರೆಗೆ ಓದಿದೆ.

ಹಿಂದಿನ ಐದು ಪುಸ್ತಕದಲ್ಲಿ ಎಲ್ಲೂ ಇಲ್ಲದ ಒಬ್ಬ ತರುಣ ಎಲ್ಲಿಂದಲೋ ಬರುತ್ತಾನೆ. ಖಡ್ಗ ಎತ್ತಿ ಕೌದಿಯನ್ನು ಸೀಳುತ್ತಾನೆ. ಒಳಗಿದ್ದವರು ಚಪ್ಪಾಳೆ ತಟ್ಟುತ್ತ ಹೊರಗೆ ಬರುತ್ತಾರೆ. ರಿಪೇರಿಯ ಹೆಂಗಸು ದೂರ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ. ನಾನು ಐವತ್ತು ವರ್ಷದ ಮೇಲೆ ಈ ಕಸುಬು ಮಾಡಿದ್ದೇನೆ. ಕೌದಿ ಕತ್ತರಿಸಿದರೆ ಚಿಂದಿ ಬರುತ್ತದೆ, ಮನುಷ್ಯರು ಬರುವುದಿಲ್ಲ. ಮುನ್ನುಡಿಯಲ್ಲಿ ಒಂದು ಮಾತು ಬರೆದಿದ್ದರು. ಕೊನೆಯ ನೋಟ್‌ಬುಕ್ಕಿನ ಕೈ ಲೇಖಕಿಯದಲ್ಲ, ಯಾರೋ ಓದುಬರಹ ಇಲ್ಲದವರದು, ಆದ್ದರಿಂದ ಲೇಖಕಿಯ ಆಶಯಕ್ಕೆ ತಕ್ಕಂತೆ ಕೊನೆಯನ್ನು ಬೇರೆಯವರಿಂದ ಬರೆಸಲಾಗಿದೆ ಎಂದು. ಕೈ ನನ್ನದು, ಹೌದು. ಬಾಯಿ ಯಾರದು ಎಂದು ಒಬ್ಬರೂ ಕೇಳಲಿಲ್ಲ. ನಾನು ಸೊಟ್ಟ ಬರೆದೆ ಎಂದು ಅವರು ಅಕ್ಕಾರ ಬಾಯಿ ಮುಚ್ಚಿದರು.

ಆ ಇಪ್ಪತ್ತಮೂರು ಪುಟ ಈಗ ಎಲ್ಲೂ ಇಲ್ಲ. ಧಾರವಾಡದಲ್ಲಿ ವಿಚಾರಿಸಿದರೆ ಪ್ರೆಸ್ಸಿನವರ ಹತ್ತಿರ ಇರಬೇಕೆಂದರು, ಪ್ರೆಸ್ಸಿನವರು ಇಲ್ಲವೆಂದರು. ರದ್ದಿಗೆ ಹೋಗಿರಬೇಕು. ಅಕ್ಕಾರು ಇಲ್ಲ, ಅವರ ಮಾತೂ ಅರ್ಧ ಇಲ್ಲ. ಹನ್ನೆರಡು ವರ್ಷದಿಂದ ಕನ್ನಡ ತಿಳಿಯುವ ಮನೆಯಲ್ಲಿ ಎಲ್ಲಿ ಕೌದಿ ಹಾಸಿದರೂ ಆ ಕೊನೆಯನ್ನು ಹೇಳುತ್ತ ಬಂದಿದ್ದೇನೆ. ಹೇಳುವಾಗ ನಡುನಡುವೆ ತಪ್ಪುತ್ತದೆ. ಎಮ್ಮೆ ಅಲ್ಲಿ ಏನೋ ಒಂದು ಅಂದಿತ್ತು, ನಗು ಬರುವಂಥದ್ದು... ಅದು ಹೋಯಿತು. ಎಷ್ಟು ತಿಣುಕಿದರೂ ಬರುವುದಿಲ್ಲ. ಅಲ್ಲಿ ನನ್ನದೊಂದು ದಪ್ಪ ತ್ಯಾಪೆ ಹಾಕಿ ಮುಂದೆ ಹೋಗುತ್ತೇನೆ. ಪುಸ್ತಕ ಓದಿದವರು ಯಾರಾದರೂ ಸಿಕ್ಕರೆ, ಇದರಲ್ಲಿ ಖಡ್ಗ ಇತ್ತಲ್ಲ ಎಂದು ಕೇಳುತ್ತಾರೆ. ಪುಸ್ತಕ ತಪ್ಪು ಎನ್ನುತ್ತೇನೆ. ಅಚ್ಚಾದದ್ದು ತಪ್ಪು ಹೇಗಾಗುತ್ತದೆ ಎನ್ನುತ್ತಾರೆ. ನನ್ನ ಆಧಾರ್ ಕಾರ್ಡು ತೋರಿಸುತ್ತೇನೆ.

ಪುಸ್ತಕ ಬಂದ ಮರುದಿನ ಬೆಳಿಗ್ಗೆ ಎದ್ದವಳೇ ದೊಡ್ಡ ಸೂಜಿಗೆ ಎರಡೆಳೆ ದಾರ ಪೋಣಿಸಿದೆ. ಖಡ್ಗದ ಅಧ್ಯಾಯವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಟ್ಟಿಗೆ ಹಿಡಿದು, ಮೇಲೆ, ಕೆಳಗೆ, ಪಕ್ಕಕ್ಕೆ, ಮೂರೂ ಕಡೆ ಹೊಲಿದು ಬಿಗಿದೆ. ಒಳಗೆ ತುತ್ತು ಇಡಲಿಲ್ಲ. ಆಮೇಲೆ ಮೊದಲ ಬಸ್ಸು ಹಿಡಿದು ಅಕ್ಕಾರ ತಮ್ಮನ ಮಗ, ಆ ಹುಡುಗನ ಮನೆಗೆ ಹೋದೆ. ಅವನು ಕಾರಖಾನೆಯ ಡ್ರೆಸ್ಸು ಹಾಕಿ, ಬಾಗಿಲಲ್ಲಿ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದ. ಪುಸ್ತಕವನ್ನು ಅವನ ಕೈಯಲ್ಲಿಟ್ಟೆ.

“ಇದೇನ್ ಅಜ್ಜಿ? ಹಿಂಗ ಹೊಲದ್ರ ಮಂದಿ ಓದೋದು ಹೆಂಗ?”

“ಓದಬಾರದಂತನಽ ಹೊಲದೇನಿ. ನಿಮ್ಮ ಅತ್ತಿ ಬರದದ್ದು ಬ್ಯಾರೆ ಅದ. ನೀ ಅದನ್ನ ಕೇಳಿಲ್ಲ. ಕೂಡು, ಹೇಳ್ತೀನಿ.”

“ಈಗ ಕಂಪನಿ ಬಸ್ ಬರ್ತದ ಅಜ್ಜಿ, ಚಾಕಣಕ್ಕ ಹೋಗಬೇಕು. ಸಂಜೀಕ ಬರ್ತೀನಿ, ನಿಮ್ಮ ಆಣಿ.”

“ಬಸ್ಸು ನಾಳೆನೂ ಬರ್ತದ. ಕೂಡು.”

ಅವನು ನನ್ನ ಮುಖ ನೋಡಿದ, ಹೊಲಿದ ಪುಸ್ತಕ ನೋಡಿದ. ಕೆಳಗೆ ಬಸ್ಸಿನ ಹಾರ್ನ್ ಆಯಿತು, ಎರಡು ಸಲ, ಮೂರು ಸಲ. ಅವನು ಕಟ್ಟಿದ ಲಾಡಿ ಬಿಚ್ಚಿದ.